ಕಡುನೀಲಿ ಕಾರಿನ ಧರ್ಮತಾಯಿ

ಜನವರಿ ೧೨, ಭಾನುವಾರ

ಇದು ಶಿಕ್ಷೆಯ ಪುಸ್ತಕ. ಪಾಪನಿವೇದನೆಗೆ ಹೋದಾಗ ಪಾದ್ರಿಗಳು, "ಮೆಲ್ಚೋರಾ, ನಿನ್ನ ಪಾಪವೆಲ್ಲ ನಾಲಿಗೆಯಲ್ಲೇ ಇದೆ. ಈಸ್ಟರ್ ತನಕ ಬಯ್ಯಬೇಕು ಅನ್ನಿಸಿದ್ದನ್ನೆಲ್ಲ ಮೊದಲು ಬರಿ. ಬರೆದ ಮೇಲೂ ಬಯ್ಯಬೇಕು ಅನ್ನಿಸಿದ್ರೆ ಬಯ್ಯಿ" ಅಂದರು. ಬರೆಯುತ್ತೇನೆ, ಯಾರೂ ಓದುವುದಿಲ್ಲ ಎಂಬ ಧೈರ್ಯದ ಮೇಲೆ.

ಇವತ್ತು ಬಯ್ಯಬೇಕಾದವಳು ಒಕ್ತಾವಿಯ, ನಸಾರಿಯೊನ ಹೆಂಡತಿ.

ನಸಾರಿಯೊ ಹನ್ನೆರಡು ವರ್ಷ ಬೇರೆಯವರ ವಾಹನ ಓಡಿಸಿ ಕೊನೆಗೂ ಸ್ವಂತದ್ದೊಂದು ಕೊಂಡ. ಏಳು ಸೀಟಿನ ಕಡುನೀಲಿ ಕಾರು. ಕೊಂಡವನೇ ನೇರವಾಗಿ, ನಾನು ಕಾರು ತೊಳೆದು ಮೆರುಗು ಕೊಡುವ ಅಂಗಳಕ್ಕೆ ತಂದು ನಿಲ್ಲಿಸಿ, "ಇದಕ್ಕೆ ನೀನೇ ಧರ್ಮತಾಯಿ ಆಗ್ಬೇಕು" ಅಂದ. ಮಗುವಿಗೆ ಧರ್ಮತಾಯಿಯಾಗು ಎಂದು ಇದುವರೆಗೆ ಈ ಊರಲ್ಲಿ ಒಬ್ಬರೂ ನನ್ನನ್ನು ಕೇಳಿಲ್ಲ, ನನ್ನ ಬಾಯಿಗೆ ಹೆದರಿ. ಕಾರಿಗಾದರೂ ಕೇಳಿದನಲ್ಲ ಎಂದು ಒಪ್ಪಿಕೊಂಡೆ. ಅವತ್ತಿನಿಂದ ಅವನು ನನಗೆ ಕೊಂಪಾದ್ರೆ, ನಾನು ಅವನಿಗೆ ಕೊಮಾದ್ರೆ. ಒಡಹುಟ್ಟಿದವರಿಗಿಂತ ಹತ್ತಿರದ ನಂಟು ಇದು, ಜಗಳಕ್ಕೂ ಹಕ್ಕು ಸಿಕ್ಕಂತೆ.

ಮೂರು ದಿನ ಕೂತು ಮೂರು ಪದರ ಮೇಣ ಹಚ್ಚಿದೆ. ಬೆಳಿಗ್ಗೆ ಆರರಿಂದ ಒಂಬತ್ತರ ತನಕ ಮಾತ್ರ, ಟಾರ್ಪಾಲಿನ ನೆರಳಲ್ಲಿ. ನಮ್ಮ ಸರೋವರದ ಬಿಸಿಲಿಗೆ ಸಿಕ್ಕರೆ ಮೇಣ ಬೆಂದು ಕಲೆಯಾಗುತ್ತದೆ. ಹಚ್ಚುವುದು ಅಂಗೈಯಿಂದ, ಉದ್ದುದ್ದಕ್ಕೆ. ಸುತ್ತಸುತ್ತ ಉಜ್ಜುವವರ ಕಾರು ಬಿಸಿಲಲ್ಲಿ ನಿಂತರೆ ಜೇಡರ ಬಲೆ ಕಟ್ಟಿದ ಹಾಗೆ ಕಾಣುತ್ತದೆ, ಅಂಥವರನ್ನು ಏನೆನ್ನಬೇಕೋ ಅದನ್ನು ಬೇರೆ ದಿನ ಬರೆಯುತ್ತೇನೆ. ಮೇಣ ಬೆಳ್ಳಗೆ ಮಸುಕಾಗುವ ತನಕ ಕಾದು, ಹಳೆಯ ಫ್ಲಾನೆಲ್ ಬಟ್ಟೆಯಿಂದ ಒರೆಸಿದೆ. ಕೊನೆಗೆ ಬಾನೆಟ್ಟಿನಲ್ಲಿ ನನ್ನ ಮುಖದ ಸುಕ್ಕುಗಳನ್ನು ಎಣಿಸಬಹುದಿತ್ತು.

ಬೆಳಿಗ್ಗೆ ಕನ್ಯಾಮಾತೆಯ ಗುಡಿಯ ಮುಂದೆ ಕಾರುಗಳ ಸಾಲು. ಪಾದ್ರಿಗಳು ತೀರ್ಥ ಚಿಮುಕಿಸಿದರು. ಆಮೇಲೆ ಎಲ್ಲರೂ ಸರೋವರದ ದಡಕ್ಕೆ. ಅಲ್ಲಿ ಮೊದಲ ಬಿಯರ್ ಬಾಟಲಿ ಕುಲುಕಿ ಕಾರಿಗೆ ಅಭಿಷೇಕ ಮಾಡಬೇಕಾದವಳು ಧರ್ಮತಾಯಿ. ಮೂರು ದಿನದ ನನ್ನ ಕೆಲಸದ ಮೇಲೆ ನಾನೇ ಬಿಯರ್ ಸುರಿದೆ. ನಂತರ ಹೂವಿನ ಹಾರ, ಬಣ್ಣದ ಕಾಗದದ ಚೂರು, ಸುರುಳಿ ಕಾಗದ, ಪಟಾಕಿ. ಪದ್ಧತಿಯ ಪ್ರಕಾರ ಮೂರು ದಿನ ಅದನ್ನು ಯಾರೂ ಮುಟ್ಟುವ ಹಾಗಿಲ್ಲ, ಗಾಳಿಗೆ ತಾನಾಗಿ ಉದುರಬೇಕು.

ನಾಲ್ಕು ಗಂಟೆಗೆ ತುಂತುರು ಹನಿಯಿತು. ಗುಲಾಬಿ ಕಾಗದ ನೆನೆದು ಬಣ್ಣ ಬಿಟ್ಟು ಬಾನೆಟ್ಟಿನ ಮೇಲೆ ಹರಿಯತೊಡಗಿತು. ನೋಡುತ್ತ ಕೂರಲು ನಾನೇನು ಕಲ್ಲೇ? ಬಕೆಟ್ಟು ಎತ್ತಿಕೊಂಡೆ.

"ಮುಟ್ಬೇಡ ಕೊಮಾದ್ರೆ, ಅದು ಮಾತೆಯ ಆಶೀರ್ವಾದ," ಅಂದಳು ಒಕ್ತಾವಿಯ.

"ಆಶೀರ್ವಾದ ಒಳಗೆ ಇಳ್ದಾಯ್ತು. ಇದು ಬರೀ ಕಾಗದದ ಬಣ್ಣ. ಬಿಟ್ರೆ ನಾಳೆ ಬೆಳಿಗ್ಗೆ ನಿನ್ ಗಂಡನ ಕಾರಿಗೆ ಸಿಡುಬು ಎದ್ದಿರ್ತದೆ."

"ಏನಾದ್ರೂ ಆದ್ರೆ ನಿನ್ ತಲೆ ಮೇಲೆ."

"ನನ್ ತಲೆ ಮೇಲೆ ಟೋಪಿ ಇದೆ, ಅದರ್ ಮೇಲೆ ಇಟ್ಟೋಗು."

ಸುತ್ತ ಇದ್ದವರು ನಕ್ಕರು. ನಸಾರಿಯೊ ಕರಿದ ಮೀನು ಕೈಯಲ್ಲಿ ಹಿಡಿದುಕೊಂಡೇ, "ಇಬ್ರೂ ಹೊಡೆದಾಡ್ಕೊಳ್ಳಿ, ಗೆದ್ದೋರ ಮಾತು ಕೇಳ್ತೀನಿ" ಅಂದ. ಒಕ್ತಾವಿಯ ಎಲ್ಲರೆದುರು ನನಗೆ, "ಗಂಡನೂ ಇಲ್ಲ, ಮಕ್ಕಳೂ ಇಲ್ಲ, ನಿಂಗೆ ಆಶೀರ್ವಾದದ ಬೆಲೆ ಎಲ್ಲಿ ಗೊತ್ತಾಗ್ಬೇಕು" ಅಂದಳು. ಪಾದ್ರಿಗಳ ಶಿಕ್ಷೆ ನೆನಪಿತ್ತು. ಸಿಟ್ಟನ್ನೆಲ್ಲ ಕೈಗೆ ಇಳಿಸಿದೆ. ಸಿಟ್ಟಿನಲ್ಲಿ ನನ್ನ ಕೈ ಎರಡು ಪಟ್ಟು ಚುರುಕು. ಹೊರಗೆಲ್ಲ ತೊಳೆದು ಒರೆಸಿದೆ. ಒಳಗೆ ತುಳಿದು ಹಾಕಿದ್ದ ಹೂವು, ಚೆಲ್ಲಿದ ಬಿಯರ್ ಎಲ್ಲ ತೆಗೆದು, ರಬ್ಬರು ಇರುವಲ್ಲೆಲ್ಲ ಕಪ್ಪಗೆ ಮಿರುಗುವಂತೆ ಮಾಡಿ ಕೊಟ್ಟೆ. ಹೊಸ ಕಾರಿನಂತೆ ಹೊರಟಿತು. ಒಕ್ತಾವಿಯ ಮುಖ ತಿರುಗಿಸಿ ಕೂತಿದ್ದಳು.

ಬರೆದಾಯಿತು. ಇನ್ನೂ ಬಯ್ಯಬೇಕು ಅನ್ನಿಸುತ್ತಿದೆ.

ಜನವರಿ ೧೪, ಮಂಗಳವಾರ

ಸರೋವರ ದಾಟುವ ತಿಕಿನಾದಲ್ಲಿ ನಸಾರಿಯೊನ ಕಾರು ನೀರಿಗೆ ಬಿದ್ದಿದೆ. ಅವನು ಬದುಕಿದ್ದಾನಂತೆ. ಅಷ್ಟೇ ಗೊತ್ತು. ನಾಳೆ ಮೊದಲ ಬಸ್ಸಿಗೆ ಹೋಗುತ್ತೇನೆ.

ಜನವರಿ ೧೫, ಬುಧವಾರ

ತಿಕಿನಾಕ್ಕೆ ಹೋಗಿ ಕಣ್ಣಾರೆ ನೋಡಿ ಬಂದೆ. ನೋಡಿದ ಮೇಲೂ ನಂಬಲು ಆಗುತ್ತಿಲ್ಲ.

ಅಲ್ಲಿ ಪ್ರಯಾಣಿಕರು ದೋಣಿಯಲ್ಲಿ ದಾಟುತ್ತಾರೆ, ವಾಹನ ಮರದ ತೆಪ್ಪದ ಮೇಲೆ. ನಿನ್ನೆ ಬೆಳಿಗ್ಗೆ ಮಳೆ. ಅದು ಅವನ ಮೊದಲ ಟ್ರಿಪ್ಪು. ಪ್ರಯಾಣಿಕರು ಮುಂದೆ ದಾಟಿ ಆಚೆ ದಡದಲ್ಲಿ ಕಾಯುತ್ತಿದ್ದರು. ಇವನು ಹಲಗೆ ಹತ್ತಿಸಿದ. ಹತ್ತಿಸಿದ ಕೂಡಲೇ ಬ್ರೇಕು ಒತ್ತಿ ನಿಲ್ಲಿಸಬೇಕು. ಹನ್ನೆರಡು ವರ್ಷದಿಂದ ದಿನಕ್ಕೆರಡು ಸಲ ಮಾಡಿದ ಕೆಲಸ. ಕಾರು ನಿಲ್ಲಲಿಲ್ಲವಂತೆ. ತೆಪ್ಪದ ಉದ್ದಕ್ಕೂ ಹೋಗಿ ಅಡ್ಡ ಮರ ಮುರಿದು ಮೂತಿ ನೀರಿಗೆ ಹಾಕಿತಂತೆ. ಬಾಗಿಲು ತೆರೆದು ಹಾರಲು ಹೊರಟವನ ಬಲಗಾಲು ಬಾಗಿಲಿಗೂ ತೆಪ್ಪದ ಕಂಬಕ್ಕೂ ನಡುವೆ ಸಿಕ್ಕಿಕೊಂಡಿತು. ತೆಪ್ಪದವನು ಕುತ್ತಿಗೆ ಪಟ್ಟಿ ಹಿಡಿದು ನೀರಿಂದ ಮೇಲೆ ಇಟ್ಟುಕೊಂಡಿದ್ದ, ಜನ ಬರುವ ತನಕ.

ನಾನು ಹೋದಾಗ ಹಗ್ಗ ಕಟ್ಟಿ ಕಾರನ್ನು ಎಳೆಯುತ್ತಿದ್ದರು. ಮೇಲೆ ಬಂತು. ಕೆಸರು, ಪಾಚಿ ಎಲ್ಲ ಬಾನೆಟ್ಟಿನಿಂದ ತಾನಾಗಿ ಜಾರಿ ಬಿದ್ದು ನೀಲಿ ಬಣ್ಣ ಹೊಳೆಯಿತು. "ಅಬ್ಬ, ಯಾರಪ್ಪ ಉಜ್ಜಿದ್ದು ಇದನ್ನ" ಅಂದ ಒಬ್ಬ. ನಾನೇ ಎಂದು ಹೇಳಬೇಕೆನ್ನಿಸಿತು, ನಾಚಿಕೆಯೂ ಆಯಿತು. ಇಂಥ ಹೊತ್ತಿನಲ್ಲೂ ಹೆಮ್ಮೆಪಡುವ ನಾನು ಎಂಥ ಹೆಂಗಸು.

ಜನವರಿ ೧೮, ಶನಿವಾರ

ಕಾಲು ತೆಗೆದುಬಿಟ್ಟರು. ಮೊಣಕಾಲಿನ ಕೆಳಗೆ.

ಸುದ್ದಿ ತಂದವನು ಇಲಾರಿಯೋನ್, ಚಾಲಕರ ಸಂಘದ ಮುಖ್ಯಸ್ಥ. ಬಾಗಿಲಲ್ಲೇ ನಿಂತ, ಒಳಗೆ ಬರಲಿಲ್ಲ. ಕೂರು ಅಂದರೂ ಕೂರಲಿಲ್ಲ.

"ದೋನ್ಯಾ ಮೆಲ್ಚೋರಾ, ನೀವು ಹೂವು ತೆಗೆದ್ರಂತಲ್ಲ, ಅವತ್ತೇ."

"ತೆಗ್ದೆ. ಬಣ್ಣ ಹಾಳಾಗ್ತಿತ್ತು."

"ಮೂರನೇ ದಿನ ಹೀಗಾಯ್ತು."

"ಮಳೆ ಬಂದಿತ್ತು ಇಲಾರಿಯೋನ್. ಹಲಗೆ ಒದ್ದೆ ಇತ್ತು. ನಿಮ್ ತಲೆಗೆ ಅಷ್ಟೂ ಹೊಳೆಯಲ್ವಾ?"

"ಎಲ್ಲರಿಗೂ ಮಳೆ ಬಂದಿತ್ತಮ್ಮ. ಅವತ್ತು ಅರವತ್ತು ವಾಹನ ದಾಟಿದಾವೆ."

ಬಾಗಿಲು ಹಾಕಿಕೊಂಡೆ. ಅವನಿಗೆ ಕೇಳಿಸಲಿ ಎಂದೇ ಜೋರಾಗಿ ಹಾಕಿದೆ. ಹೂವು ಕಾಲು ಕಡಿಯುತ್ತದೆಯೇ? ಕಾಗದದ ಚೂರು ಬ್ರೇಕು ಹಿಡಿಯುತ್ತದೆಯೇ? ಬುದ್ಧಿ ಅಡವಿಟ್ಟವರು.

ನಸಾರಿಯೊ ನಡೆಯುವ ರೀತಿ ಕಣ್ಣ ಮುಂದೆ ಬರುತ್ತದೆ. ಬಲಗಾಲನ್ನು ಸ್ವಲ್ಪ ಹೊರಕ್ಕೆ ಹಾಕಿ ನಡೆಯುತ್ತಿದ್ದ. ಅನ್ನ ಸೇರುತ್ತಿಲ್ಲ.

ಜನವರಿ ೨೩, ಗುರುವಾರ

ಲಾ ಪಾಸಿನ ಆಸ್ಪತ್ರೆಗೆ ಹೋಗಿದ್ದೆ. ಹೋಗಬಾರದಿತ್ತು.

ಮಂಚದ ಪಕ್ಕ ಸಂಚಾರ ಪೊಲೀಸಿನವನೊಬ್ಬ ಪುಸ್ತಕ ಹಿಡಿದು ಕೂತಿದ್ದ. ಒಕ್ತಾವಿಯ ಗೋಡೆಗೊರಗಿ ನಿಂತಿದ್ದಳು. ಹೊದಿಕೆಯ ಕೆಳಗೆ ಒಂದು ಕಡೆ ಕಾಲಿನ ಆಕಾರ, ಇನ್ನೊಂದು ಕಡೆ ಏನೂ ಇಲ್ಲ. ಅಲ್ಲಿಂದ ಕಣ್ಣು ಕೀಳಲಾಗಲಿಲ್ಲ.

ಪೊಲೀಸಿನವ ಕೇಳಿದ, "ಅಪಘಾತಕ್ಕೆ ಮುಂಚೆ ಯಾರಾದ್ರೂ ಗಾಡಿ ಮುಟ್ಟಿದ್ರಾ? ಮೆಕ್ಯಾನಿಕ್ಕು, ಗ್ಯಾರೇಜು?"

ನಸಾರಿಯೊ ನನ್ನನ್ನೇ ನೋಡಿದ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ಗಾಡಿಗೆ ಏನೂ ಆಗಿರ್ಲಿಲ್ಲ ಸಾರ್. ನಮ್ ಕೊಮಾದ್ರೆ ಆಶೀರ್ವಾದದ ಹೂವು ಮೂರು ದಿನ ಬಿಡ್ಲಿಲ್ಲ, ಅವತ್ತೇ ತೊಳೆದ್ಬಿಟ್ಲು. ಅದಕ್ಕೇ ಹೀಗಾಯ್ತು. ಬೇರೆ ಏನೂ ಇಲ್ಲ."

ಪೊಲೀಸಿನವ ನಕ್ಕು ಪುಸ್ತಕ ಮುಚ್ಚಿದ. ಹೂವಿನ ಮೇಲೆ ಕೇಸು ಹಾಕುವ ಕಾನೂನು ಇನ್ನೂ ಬಂದಿಲ್ಲ.

ನಸಾರಿಯೊ! ಇಲಾರಿಯೋನ್ ಅಂದಿದ್ದರೆ ಹೋಗಲಿ, ಊರಿನ ಮುದುಕಿಯರು ಅಂದಿದ್ದರೆ ಹೋಗಲಿ. ಪಟಾಕಿ ಹೊಡೆಯುವಾಗಲೂ "ದೇವರಿಗೆ ಕಿವಿ ಕೇಳಲ್ವಾ ಇಷ್ಟು ಸದ್ದು ಮಾಡೋಕೆ" ಎಂದು ನನ್ನ ಕಿವಿಯಲ್ಲಿ ನಗುತ್ತಿದ್ದವನು ಇವನು. ಯಾರನ್ನೂ ಬಯ್ಯದೆ ಹೊರಟೆ. ಐವತ್ತೊಂದು ವರ್ಷದಲ್ಲಿ ಮೊದಲ ಸಲ. ತಂದಿದ್ದ ಕಿತ್ತಳೆ ಹಣ್ಣು ಮಂಚದ ಮೇಲಿಟ್ಟು ಬಂದೆ. ಬಸ್ಸಿನಲ್ಲಿ ಅತ್ತೆ. ಪಕ್ಕದಲ್ಲಿದ್ದವಳು ಜಗಿಯಲು ಕೋಕಾ ಎಲೆ ಕೊಟ್ಟಳು, ಅದನ್ನೂ ಬೇಡವೆಂದೆ.

ಜನವರಿ ೨೪, ಶುಕ್ರವಾರ

ಬೆನ್ನಿಗೆ ಚೂರಿ ಹಾಕಿದ. ಬೇರೆ ಹೇಳುವುದೇನಿಲ್ಲ.

ಫೆಬ್ರವರಿ ೨, ಭಾನುವಾರ

ಮಾತೆಯ ಹಬ್ಬ. ಪ್ರತಿ ವರ್ಷ ಇವತ್ತು ನನ್ನ ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗ ಇರುವುದಿಲ್ಲ. ಇವತ್ತು ಬಂದದ್ದು ಒಂದು. ಗಡಿಯಾಚೆ ಪೂನೊ ಕಡೆಯವನು, ಇಲ್ಲಿಯ ಸುದ್ದಿ ಕಿವಿಗೆ ಬೀಳದವನು. ಬೆಳ್ಳಿ ಬಣ್ಣದ ಪಿಕಪ್ಪು. ಒಂದು ಬದಿ ಪೂರ್ತಿ ಮೇಣ ಹಚ್ಚಿ, ಮಸುಕಾಗಲಿ ಎಂದು ಕಾಯುತ್ತಿದ್ದೆ. ಅಷ್ಟರಲ್ಲಿ ಎದುರು ಮನೆಯವಳು ಅವನನ್ನು ಕರೆದು ಏನೋ ಉಸುರಿದಳು. ಅವನು ಬಂದವನೇ ನನ್ನ ಮುಖ ನೋಡದೆ ಹತ್ತಿ ಓಡಿಸಿಕೊಂಡು ಹೊರಟ. ಅರ್ಧ ಗಾಡಿ ಬೆಳ್ಳಗೆ, ಅರ್ಧ ಹಾಗೇ.

ನಾನು ಬಟ್ಟೆ ಬೀಸುತ್ತ ಬೀದಿಯುದ್ದಕ್ಕೂ ಓಡಿದೆ. "ಒರೆಸ್ಕೊಳ್ಳಪ್ಪ, ಬಿಸಿಲು ಏರೋ ಮುಂಚೆ ಒರೆಸ್ಕೊ, ಬೆಂದು ಹೋಗ್ತದೆ" ಎಂದು ಕೂಗಿದೆ. ಜನ ನೋಡುತ್ತಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಎದುರು ಮನೆಯವಳನ್ನು ಬಯ್ಯೋಣವೆಂದು ಪುಸ್ತಕ ತೆಗೆದೆ. ಏನೂ ಹೊಳೆಯುತ್ತಿಲ್ಲ.

ಫೆಬ್ರವರಿ ೯, ಭಾನುವಾರ

ಈ ಪುಟ ಬರೆಯಲೋ ಬೇಡವೋ ಎಂದು ಸಂಜೆಯಿಂದ ಕೂತಿದ್ದೇನೆ.

ಬೆಳಿಗ್ಗೆ ಒಕ್ತಾವಿಯ ಲಾರಿಗೆ ಕಟ್ಟಿ ಕಾರನ್ನು ಎಳೆಸಿಕೊಂಡು ಬಂದಳು. ಇಷ್ಟು ದಿನ ತಿಕಿನಾದ ದಡದಲ್ಲಿ ಟಾರ್ಪಾಲಿನಡಿ ಇತ್ತು. "ಇಂಜಿನ್ನು ರಿಪೇರಿಗೆ ಕೊಡ್ತೀವಿ. ಆಮೇಲೆ ಮಾರೋದು. ನೋಡೋಕೆ ಚೆನ್ನಾಗಿ ಮಾಡ್ಕೊಡು. ನೀನೇ ಹಾಳ್ ಮಾಡಿದ್ದು, ನೀನೇ ನೆಟ್ಟಗ್ ಮಾಡು," ಅಂದಳು. ಜಗಳಕ್ಕೆ ಸಿದ್ಧಳಾಗಿಯೇ ಬಂದಿದ್ದಳು. ನಾನು "ಹೂಂ" ಅಂದೆ. ಅವಳಿಗೇ ಗಲಿಬಿಲಿಯಾಯಿತು.

ಕೈಗೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಕಾರಿನ ಮೈಯೆಲ್ಲ ಸವರಿ ನೋಡಿದೆ. ಹಾಗೆ ಸವರಿದರೆ ಕಣ್ಣಿಗೆ ಕಾಣದ ಒಂದು ಕಣವೂ ಬೆರಳಿಗೆ ಸಿಗುತ್ತದೆ. ಮುಂದಿನ ಬಂಪರು, ಬಾಗಿಲು ಬಿಟ್ಟರೆ ಬಣ್ಣಕ್ಕೆ ಏನೂ ಆಗಿರಲಿಲ್ಲ. ಒಳಗೆ ಮಾತ್ರ ಕೆಸರು. ಬಕೆಟ್ಟಿನಿಂದ ನೀರು ಎರಚಿ ತೊಳೆಯತೊಡಗಿದೆ. ನೆಲದ ಕೆಸರು ಹರಿದು ಹೋಯಿತು. ಬಗ್ಗಿ ನೋಡಿದೆ.

ಬ್ರೇಕ್ ಪೆಡಲಿನ ರಬ್ಬರಿನ ಮೇಲೆ ನೀರು ಮಣಿಮಣಿಯಾಗಿ ನಿಂತಿತ್ತು.

ರಬ್ಬರಿನ ಮೇಲೆ ನೀರು ಹಾಗೆ ನಿಲ್ಲುವುದಿಲ್ಲ. ಹರಡುತ್ತದೆ. ಹಾಗೆ ನಿಲ್ಲುವುದು ನಾನು ಕೈಯಾಡಿಸಿದ ಕಡೆ ಮಾತ್ರ. ಬೆರಳಿಂದ ಒತ್ತಿದೆ. ಬೆರಳು ಸರ್ರನೆ ಜಾರಿತು. ಇನ್ನೊಮ್ಮೆ ಒತ್ತಿದೆ. ಮತ್ತೆ ಜಾರಿತು.

ಅವತ್ತು ಸಿಟ್ಟಿನಲ್ಲಿ, ಟೈರಿಗೆ ಹಚ್ಚುವ ಕ್ರೀಮಿನ ಬಟ್ಟೆಯಲ್ಲೇ ಒಳಗೂ ಒರೆಸಿದ್ದೆ. ಒಕ್ತಾವಿಯಳ ಮಾತು ಕಿವಿಯಲ್ಲಿ ಕುಟ್ಟುತ್ತಿತ್ತು, ಅವಳ ಕಣ್ಣು ಕುಕ್ಕುವ ಹಾಗೆ ಮಾಡಬೇಕೆಂದು ಪೆಡಲನ್ನೂ ಬಿಡಲಿಲ್ಲ. ಕೆಲಸ ಕಲಿಸಿದ ಅಪ್ಪ ನನ್ನ ಕೈಗೆ ಬಟ್ಟೆ ಕೊಡುವ ಮೊದಲೇ ಹೇಳಿದ ಮಾತು, "ಕಣ್ಣು ನೋಡೋ ಕಡೆ ಹಚ್ಚು. ಕೈ ಹಿಡಿಯೋ ಕಡೆ, ಕಾಲು ಒತ್ತೋ ಕಡೆ ಹಚ್ಚಬೇಡ." ಮೂವತ್ತೈದು ವರ್ಷ ತಪ್ಪದೆ ನಡೆಸಿದ ಮಾತು.

ಅಂಗಳದಲ್ಲಿ ಕೂತೆ. ಹೂವಲ್ಲ. ಮಳೆಯಲ್ಲ. ನಾನು.

ಫೆಬ್ರವರಿ ೧೦, ಸೋಮವಾರ

ನಾನು.

ಫೆಬ್ರವರಿ ೧೬, ಭಾನುವಾರ

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ನಾನು ಯಾರಾದರೂ ನಮಸ್ಕಾರ ಅಂದರೂ ಹೆಗಲು ಮುಟ್ಟಿಕೊಳ್ಳುತ್ತಿದ್ದೇನೆ.

ಇಲಾರಿಯೋನ್ ಬಂದಿದ್ದ. ಈ ಸಲ ಒಳಗೆ ಬಂದು ಕೂತ. ಸಂಘದವರು ಮಾತಾಡಿಕೊಂಡು ಒಂದು ದಾರಿ ಕಂಡುಹಿಡಿದಿದ್ದಾರೆ. ಕಾರ್ನಿವಾಲ್ ಮಂಗಳವಾರ ಎಲ್ಲರ ವಾಹನಕ್ಕೂ ಅಭಿಷೇಕ ಇರುತ್ತದಲ್ಲ, ಅವತ್ತು ನಾನು ಎಲ್ಲರೆದುರು ಆ ಕಾರಿಗೆ ಹೊಸ ಹಾರ ಹಾಕಿ, ಬಿಯರ್ ಸುರಿದು, ಹೂವಿನ ಹತ್ತಿರ, ಭೂಮಿತಾಯಿಯ ಹತ್ತಿರ ತಪ್ಪಾಯಿತು ಅನ್ನಬೇಕು.

"ಅಷ್ಟು ಮಾಡ್ಬಿಡಿ ದೋನ್ಯಾ. ಮಾರನೇ ದಿನ ನನ್ ಕಾರೇ ಮೊದ್ಲು ನಿಮ್ ಅಂಗಳದಲ್ಲಿ ನಿಂತಿರ್ತದೆ. ನಿಮ್ ಕೈ ಬಿಟ್ರೆ ನಮ್ಗೂ ಗತಿ ಇಲ್ಲ. ಆ ಕೆಳಗಿನ ಬೀದಿಯವ್ನು ಯಂತ್ರದಲ್ಲಿ ಉಜ್ಜಿ ಉಜ್ಜಿ ನನ್ ಬಾಗಿಲಿನ ಬಣ್ಣ ಕಿತ್ತಿದಾನೆ."

ಒಂದು ತಿಂಗಳ ಹಿಂದಾಗಿದ್ದರೆ ಅವನ ಟೋಪಿ ಎತ್ತಿ ಬೀದಿಗೆ ಎಸೆಯುತ್ತಿದ್ದೆ. ಇವತ್ತು "ಆಯ್ತು, ಮಾಡ್ತೀನಿ" ಅಂದೆ.

ಅವನು ನನ್ನನ್ನೇ ನೋಡಿ, "ಕಷ್ಟ ಬಂದ್ಮೇಲೆ ಎಷ್ಟು ಮೆತ್ತಗಾಗಿದ್ದೀರಿ" ಅಂದ. ಎದ್ದು ಹೋಗುವಾಗ ನನ್ನ ಬೆನ್ನು ತಟ್ಟಿ ಹೋದ.

ಎಷ್ಟು ಸುಲಭ. ಮಾಡದ ತಪ್ಪನ್ನು ಒಪ್ಪಿಕೊಂಡರೆ ಮಾಡಿದ ತಪ್ಪು ಮುಚ್ಚಿಹೋಗುತ್ತದೆ. ನಿಜ ಹೇಳಿದರೆ? ಮೆಲ್ಚೋರಾ ಉಜ್ಜಿದ ಕಾರಿನಲ್ಲಿ ಕಾಲು ಜಾರುತ್ತದೆ ಎಂದು ತಿಳಿದರೆ ಈ ಜನ್ಮದಲ್ಲಿ ಯಾವ ಚಾಲಕನೂ ನನ್ನ ಅಂಗಳಕ್ಕೆ ಕಾಲಿಡುವುದಿಲ್ಲ. ಬೇರೆ ಕೆಲಸ ನನಗೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನಸಾರಿಯೊನ ಮುಖ ಹೇಗೆ ನೋಡಲಿ? ಬೆನ್ನಿಗೆ ಚೂರಿ ಹಾಕಿದ ಎಂದು ನಾನೇ ಇಲ್ಲಿ ಬರೆದಿದ್ದೇನೆ. ಆ ಸಾಲು ಹೊಡೆದು ಹಾಕಲು ಹೋದೆ. ಪೆನ್ನು ಏಳಲಿಲ್ಲ.

ಫೆಬ್ರವರಿ ೨೭, ಗುರುವಾರ

ಇಂಜಿನ್ ರಿಪೇರಿಯವರು ನಾಳೆ ಕಾರು ಒಯ್ಯುತ್ತಾರೆ. ಯಾರೋ ಅದನ್ನು ಓಡಿಸಿ ನೋಡುತ್ತಾರೆ. ಅವರಿಗೂ ಕಾಲಿದೆ. ಹಾಗೆ ಬಿಡುವಂತಿಲ್ಲ. ಸೋಪು ಹಾಕಿ ತಿಕ್ಕೋಣವೆಂದು ಕೂತೆ, ತಿಕ್ಕಿದರೆ ನನ್ನ ಗುರುತೂ ಹೋಗುತ್ತದೆ ಎಂದು ಹೊಳೆಯಿತು. ಹೊಳೆದ ಕ್ಷಣದಲ್ಲಿ ಒಂದು ನಿರಾಳ ಬಂತು. ಆ ನಿರಾಳ ಕಂಡು ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಅಂಗಡಿಗೆ ಹೋಗಿ ಹೊಸ ರಬ್ಬರು ತಂದು ಹಾಕಿದೆ. ಹಳೆಯದನ್ನು ತೊಳೆಯದೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ. ಯಾಕೆ ಇಟ್ಟೆನೋ ತಿಳಿಯದು.

ಒಕ್ತಾವಿಯ ಬಂದು ಕಾರು ನೋಡಿ, "ಚೆನ್ನಾಗಾಗಿದೆ" ಅಂದಳು. ನಸಾರಿಯೊ ಮನೆಗೆ ಬಂದಿದ್ದಾನಂತೆ. ಹಗಲೆಲ್ಲ ಕಿಟಕಿಯಲ್ಲಿ ಕೂತು ದಾರಿಯ ಗಾಡಿಗಳ ಸದ್ದು ಕೇಳಿ ಯಾರ ಗಾಡಿ ಎಂದು ಹೇಳುತ್ತಾನಂತೆ. ಅವಳು ತುಂಬ ಸೊರಗಿದ್ದಾಳೆ. ಬಿಸಿ ಮಾಡಿ ಜೋಳದ ಗಂಜಿ ಕೊಟ್ಟೆ. ಕುಡಿದಳು.

ಮಾರ್ಚ್ ೪, ಮಂಗಳವಾರ

ಎಲ್ಲವನ್ನೂ ಬರೆಯುತ್ತೇನೆ, ನಡೆದಷ್ಟನ್ನು, ನಡೆದ ಹಾಗೆ.

ಸರೋವರದ ದಡದಲ್ಲಿ ಸಂಘದ ವಾಹನಗಳೆಲ್ಲ ನಿಂತಿದ್ದವು. ರಿಪೇರಿಯಾಗಿ ಬಂದ ಕಡುನೀಲಿ ಕಾರು ಮಧ್ಯದಲ್ಲಿ. ನಸಾರಿಯೊ ಊರುಗೋಲಿನ ಮೇಲೆ ಬಂದು ಕಲ್ಲುಕಟ್ಟೆಯ ಮೇಲೆ ಕೂತ. ಪ್ಯಾಂಟಿನ ಬಲಗಾಲನ್ನು ಮಡಚಿ ಪಿನ್ನು ಹಾಕಿದ್ದರು. ಜನ ಇನ್ನೂ ಸೇರುತ್ತಿದ್ದರು. ನಾನು ಹೋಗಿ ಅವನ ಪಕ್ಕ ಕೂತೆ. ಆಸ್ಪತ್ರೆಯ ನಂತರ ಇವತ್ತೇ ನೋಡುತ್ತಿದ್ದುದು. ಏನು ಹೇಳಬೇಕೆಂದು ವಾರದಿಂದ ಜೋಡಿಸಿಕೊಂಡಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ. ಬಟ್ಟೆ ಬಿಚ್ಚಿ ಅವನ ತೊಡೆಯ ಮೇಲೆ ರಬ್ಬರು ಇಟ್ಟೆ.

ಅವನು ಅದನ್ನು ನೋಡಿ, ತಟ್ಟನೆ ಟೋಪಿ ತೆಗೆದು ಅದರ ಮೇಲೆ ಮುಚ್ಚಿದ.

"ಒಳಗಿಟ್ಕೊ," ಅಂದ ಮೆಲ್ಲಗೆ.

"ಕೊಂಪಾದ್ರೆ, ನಾನು ಅವತ್ತು..."

"ಗೊತ್ತು. ಒಳಗಿಟ್ಕೊ ಅಂದ್ನಲ್ಲ."

"ಏನ್ ಗೊತ್ತು?"

"ದಾರೀಲೇ ಎರಡು ಸಲ ಜಾರಿತ್ತು. ಮಳೆ, ಶೂ ಒದ್ದೆ ಅಂದ್ಕೊಂಡೆ. ಆಸ್ಪತ್ರೆಲಿ ಬಲಗಾಲಿನ ಶೂನ ಚೀಲದಲ್ಲಿ ಹಾಕಿ ಕೈಗೆ ಕೊಟ್ರು. ಅಟ್ಟೆ ಮೂಸಿ ನೋಡ್ದೆ. ನಿನ್ ಟೈರ್ ಕ್ರೀಮು. ಸರೋವರದಲ್ಲಿ ಮುಳುಗಿ ಎದ್ರೂ ಹೋಗಿಲ್ಲ ಮಾರಾಯ್ತಿ, ಎಂಥ ಕೆಲ್ಸ ನಿಂದು."

ಕಟ್ಟೆಯ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೊದಲ ದಿನದಿಂದ ಗೊತ್ತಿತ್ತು ಇವನಿಗೆ.

"ಮತ್ತೆ ಹೂವು ಅಂತ ಯಾಕ್ ಹೇಳ್ದೆ?"

"ಆ ಪೊಲೀಸ್ನೋನು ಯಾರು ಗಾಡಿ ಮುಟ್ಟಿದ್ದು ಅಂತ ಕೇಳ್ದಾಗ ನೀನು ಬಾಗಿಲಲ್ಲಿ ನಿಂತಿದ್ದೆ, ಕಿತ್ತಳೆ ಹಣ್ಣು ಹಿಡ್ಕೊಂಡು. ಏನ್ ಹೇಳ್ಲಿ? ಹೂವಿನ ತಪ್ಪಾದ್ರೆ ನಾಲ್ಕು ಬಾಟ್ಲಿ ಬಿಯರ್ ಸುರಿದ್ರೆ ಮುಗೀತದೆ. ಕ್ರೀಮಿನ ತಪ್ಪಿಗೆ ಏನ್ ಸುರೀತೀಯ? ಹೋಗು, ಹಾರ ಹಾಕು. ಎಲ್ಲಾ ಕಾಯ್ತಿದಾರೆ."

ಟೋಪಿಯಡಿಯಿಂದ ರಬ್ಬರು ತೆಗೆದು ಜೇಬಿಗೆ ಹಾಕಿಕೊಂಡು ಎದ್ದು ಹೋದೆ. ಇಲಾರಿಯೋನ್ ನನ್ನ ಕೈಗೆ ಬಾಟಲಿ ಕೊಟ್ಟ. ಹಾರ ಹಾಕಿದೆ. ಎಲ್ಲರೂ ನನ್ನತ್ತ ತಿರುಗಿದರು. ಹೂವಿನ ಹತ್ತಿರ ತಪ್ಪಾಯಿತು ಅನ್ನಬೇಕು, ಅಷ್ಟೇ. ಆರು ವಾರ ಊರೆಲ್ಲ ತಿರಸ್ಕರಿಸಿದರೂ ಹೇಳದ ಮಾತು ಇವತ್ತು ನಾಲಿಗೆಯ ತುದಿಯಲ್ಲಿ ಇತ್ತು. ಹೇಳಿದ್ದರೆ ಕೆಲಸವೂ ಉಳಿಯುತ್ತಿತ್ತು, ಅವನು ಕೊಟ್ಟದ್ದನ್ನು ಉಳಿಸಿಕೊಂಡ ಹಾಗೂ ಆಗುತ್ತಿತ್ತು. ಕಾರಿನ ಬಾಗಿಲ ಗಾಜಿನಲ್ಲಿ ಸಂಘದ ಚಾಲಕರು ಕಾಣುತ್ತಿದ್ದರು. ಎಲ್ಲರೂ ಎರಡು ಕಾಲಿನ ಮೇಲೆ ನಿಂತಿದ್ದರು.

ರಬ್ಬರನ್ನು ಮೇಲೆತ್ತಿ ತೋರಿಸಿ ಹೇಳಿದೆ, "ಹೂವು ಏನೂ ಮಾಡಿಲ್ಲ. ಬ್ರೇಕಿನ ಪೆಡಲಿಗೆ ನಾನು ಟೈರಿನ ಕ್ರೀಮು ಹಚ್ಚಿದ್ದೆ. ಸಿಟ್ಟಿನಲ್ಲಿ. ಅವನ ಕಾಲು ಜಾರಿದ್ದು ಅದಕ್ಕೆ. ನಿಮ್ಮ ಗಾಡಿಗಳಿಗೆ ಯಾರೇ ಕ್ರೀಮು ಹಾಕಿದ್ರೂ ಪೆಡಲು ಮುಟ್ಟಿ ನೋಡಿ, ಆಮೇಲೆ ಓಡಿಸಿ."

ರಬ್ಬರು ಕೈಯಿಂದ ಕೈಗೆ ಹೋಯಿತು. ಪ್ರತಿಯೊಬ್ಬನೂ ಹೆಬ್ಬೆರಳಿಂದ ಒತ್ತಿ ನೋಡಿದ. ಇಬ್ಬರು ತಮ್ಮ ಗಾಡಿಗಳ ಬಾಗಿಲು ತೆರೆದು ಒಳಗೆ ಬಗ್ಗಿದರು.

ರಬ್ಬರು ಸುತ್ತಿ ಬಂದ ಮೇಲೆ ಇಲಾರಿಯೋನ್ ಅದನ್ನು ನನ್ನ ಕೈಗೆ ಕೊಟ್ಟು, "ಸಿಟ್ಟು ಯಾಕ್ ಬಂತು? ಹೂವು ತೆಗೆಯೋ ಜಗಳದಲ್ಲಿ. ಅಂದ್ರೆ ಹೂವಿನದ್ದೇ ಆಯ್ತಲ್ಲ. ಬಿಯರ್ ಸುರೀರಿ ದೋನ್ಯಾ, ಬಿಸಿ ಆಗ್ತಿದೆ" ಅಂದ. ಸುರಿದೆ. ಸುರಿದ ಮೇಲೆ ಅವರೆಲ್ಲ ತಮ್ಮ ತಮ್ಮ ವಾಹನದ ಕಡೆ ಹೋದರು. ನನ್ನ ಹತ್ತಿರ ಯಾರೂ ಬರಲಿಲ್ಲ. ನಾಳೆ ಮೊದಲು ತನ್ನ ಕಾರೇ ಬರುತ್ತದೆ ಅಂದಿದ್ದ ಇಲಾರಿಯೋನ್ ಕೂಡ ಆ ಮಾತು ಎತ್ತಲಿಲ್ಲ.

ನಸಾರಿಯೊ ಕಟ್ಟೆಯ ಮೇಲೆ ಕೂತೇ ಇದ್ದ. ಮುಖ ಕೆಂಪಾಗಿತ್ತು. "ಆರು ವಾರ ಕಾಪಾಡ್ಕೊಂಡು ಬಂದಿದ್ದೆ," ಅಂದ. "ಕಾಲೂ ಹೋಯ್ತು, ಈಗ ಸುಳ್ಳೂ ಹೋಯ್ತು."

ಒಕ್ತಾವಿಯಳಿಗೆ ಇದು ಯಾವುದೂ ಗೊತ್ತಿರಲಿಲ್ಲ. ಗಂಡನನ್ನು ನೋಡಿದಳು, ನನ್ನನ್ನು ನೋಡಿದಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆಯಲಿ ಎಂದು ನಿಂತೇ ಇದ್ದೆ.

"ನಾನು ನಿನ್ನ ಕ್ಷಮಿಸಿಲ್ಲ," ಅಂದಳು. "ಇವನ್ನೂ ಕ್ಷಮಿಸಿಲ್ಲ. ಆಸ್ಪತ್ರೇಲೂ ಮನೇಲೂ ಪಕ್ಕದಲ್ಲೇ ಇದ್ದು ನೋಡ್ಕೊಂಡೋಳು ನಾನು, ಆರು ವಾರ ನಂಗೂ ಸುಳ್ಳು ಹೇಳ್ದ. ನಾಳೆ ಬೆಳಿಗ್ಗೆ ಏಳಕ್ಕೆ ಬಾ. ದಿನಾ ಇವನ ಕಾಲು ತೊಳ್ದು ಮುಲಾಮು ಹಚ್ಚಿ ಪಟ್ಟಿ ಸುತ್ತಬೇಕು. ನನ್ ಕೈ ಒರಟು, ಕಿರುಚ್ತಾನೆ. ನಿನ್ ಕೈ ಹಗುರ ಅಂತ ಊರೆಲ್ಲ ಹೇಳ್ತದಲ್ಲ."

ಮಾರ್ಚ್ ೫, ಬುಧವಾರ

ಏಳಕ್ಕೆ ಹೋದೆ. ಒಕ್ತಾವಿಯ ಬಿಸಿನೀರು, ಬಟ್ಟೆ, ಮುಲಾಮು ಇಟ್ಟು ಒಲೆಯ ಹತ್ತಿರ ನಿಂತಳು. ನಸಾರಿಯೊ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದ. ಪಟ್ಟಿ ಬಿಚ್ಚಿದೆ. ಸುತ್ತು ಸುತ್ತು ಬಿಚ್ಚಿದಷ್ಟೂ ಇತ್ತು. ಕೊನೆಯ ಸುತ್ತು ಬಂತು.

ನಾನು ಇದುವರೆಗೆ ಅದನ್ನು ನೋಡಿರಲಿಲ್ಲ. ಹೊಲಿಗೆ ಹಾಕಿದ ಕಡೆ ಹೊಸ ಚರ್ಮ ಬಂದಿದೆ, ತೆಳ್ಳಗೆ, ಗುಲಾಬಿ ಬಣ್ಣಕ್ಕೆ. ಕಿಟಕಿಯ ಬೆಳಕಿಗೆ ಅದು ಹೊಳೆಯುತ್ತಿತ್ತು. ಹೊಳಪು ಕಂಡು ಹೆದರಿದ್ದು ನನ್ನ ಜೀವಮಾನದಲ್ಲಿ ಇವತ್ತೇ. ಕೈ ಹಿಂದಕ್ಕೆ ಎಳೆದುಕೊಂಡೆ. ಒಕ್ತಾವಿಯ, "ಹೂಂ, ಹಚ್ಚು" ಅಂದಳು.

ಕೈ ತೊಳೆದುಕೊಂಡೆ, ಸೋಪು ಹಾಕಿ, ಮೂರು ಸಲ. ಅಂಗೈಗೆ ಮುಲಾಮು ತೆಗೆದುಕೊಂಡು ಹಚ್ಚಿದೆ, ಮೇಲಿಂದ ಕೆಳಕ್ಕೆ, ಉದ್ದುದ್ದಕ್ಕೆ. ಅವನು ಕಿರುಚಲಿಲ್ಲ. ಕಿಟಕಿಯಾಚೆ ಒಂದು ಗಾಡಿ ಹೋಯಿತು, "ಇಲಾರಿಯೋನನದ್ದು, ಕೆಳಗಿನ ಬೀದಿಗೆ, ಆ ಯಂತ್ರದೋನ ಹತ್ರ ಹೋಗ್ತಿದಾನೆ" ಅಂದ. ನಾನು ಪಟ್ಟಿ ಸುತ್ತಿ ಪಿನ್ನು ಹಾಕಿದೆ.

ಇವತ್ತು ಅಂಗಳಕ್ಕೆ ಒಂದೂ ಕಾರು ಬರಲಿಲ್ಲ. ನಾಳೆ ಮತ್ತೆ ಏಳಕ್ಕೆ ಹೋಗಬೇಕು.